ಕಡ್ಡಿಗೆ ಗೊತ್ತಿದ್ದದ್ದು ಎಷ್ಟು

ನನ್ನ ಹಾಲಿಗೆ ನೀರು ಬೆರೆತಿದೆ ಎಂದು ನಮ್ಮೂರ ಡೈರಿಯ ಸೆಕ್ರೆಟರಿ ಇಡೀ ಸಾಲಿನ ಮುಂದೆ ಹೇಳಿದ ದಿನ, ಅವನ ಕೈಯಲ್ಲಿದ್ದ ಕಡ್ಡಿಯನ್ನು ಕಿತ್ತುಕೊಂಡು ಒಲೆಗೆ ಹಾಕಿಬಿಡೋಣ ಅನ್ನಿಸಿತ್ತು. ಅದು ಗಾಜಿನದು, ಉರಿಯುವುದಿಲ್ಲ ಎಂದು ಹತ್ತಿರ ಹೋದ ಮೇಲೆ ಕಂಡಿತು. ಹಾಗಾಗಿ ಬಾಯಲ್ಲೇ ಮುಗಿಸಿದೆ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಮ್ಮ ಯಜಮಾನರು ದಿನಾ ಊರಿಂದ ಬಂಗಾರಪೇಟೆ ಸ್ಟೇಷನ್ನಿನವರೆಗೆ ಸೈಕಲ್ಲು ತುಳಿದು, ಅಲ್ಲಿಂದ ರೈಲು ಹತ್ತಿ ಮೈಸೂರು ಮೈನ್ಸಿಗೆ ಕೆಲಸಕ್ಕೆ ಹೋಗುತ್ತಿದ್ದರು. ಗಣಿ ಕೆಲಸ ಅಂದರೆ ಎಲ್ಲರೂ ನೆಲದೊಳಗೆ ಇಳಿಯುವುದು ಅಂದುಕೊಳ್ಳುತ್ತಾರೆ. ಇವರು ಇಳಿದವರಲ್ಲ. ಕಲ್ಲಿನ ಪುಡಿಯಲ್ಲಿ ಚಿನ್ನ ಎಷ್ಟಿದೆ ಎಂದು ಪರೀಕ್ಷೆ ಮಾಡುವ ಕೋಣೆಯಲ್ಲಿ ಮೂಸೆ ಎತ್ತಿಡುವುದು, ತಕ್ಕಡಿ ಒರೆಸುವುದು ಇವರ ಕೆಲಸ. ಚಿನ್ನ ನೋಡಿದ್ದೀರಾ ಎಂದು ಯಾರಾದರೂ ಬಾಯಿ ಬಿಟ್ಟುಕೊಂಡು ಕೇಳಿದರೆ, “ನೋಡಿವ್ನಿ. ಸಾಸ್ವೆ ಕಾಳಿಗಿಂತ ದೊಡ್ಡದು ನೋಡಿಲ್ಲ” ಅನ್ನುತ್ತಿದ್ದರು.

ಮನೆಯಲ್ಲಿ ಅವರ ತಾಯಿ, ಅಂದರೆ ನಮ್ಮತ್ತೆ. ಗಡಿಯಾಚೆಯ ಹಳ್ಳಿಯಿಂದ ಬಂದವರು. ದೇವರ ಹತ್ತಿರ ತೆಲುಗು, ಹಸುವಿನ ಹತ್ತಿರ ತೆಲುಗು, ನನ್ನ ಹತ್ತಿರ ಕನ್ನಡ. ಇದರಿಂದಲೇ ನನ್ನ ಸ್ಥಾನ ಯಾವುದು ಅಂತ ತಿಳಿಯುತ್ತಿತ್ತು. ಮಕ್ಕಳೂ ಇದ್ದವು. ಅವು ಈ ವಿಷಯದಲ್ಲಿ ಏನೂ ಮಾಡಲಿಲ್ಲ, ಬಿಡಿ. ಇನ್ನೊಂದು ಸೀಮೆಹಸು. ಮನೆಯಲ್ಲಿ ಮರ್ಯಾದೆ ಯಾರಿಗೆ ಜಾಸ್ತಿ ಅಂದರೆ ಅದಕ್ಕೇ.

ಊರಿಗೆ ಡೈರಿ ಬರುವ ಮುಂಚೆ ನಾನು ರೈಲಿನಲ್ಲಿ ಕ್ಯಾನು ಹೊತ್ತುಕೊಂಡು ಹೋಗಿ ಗಣಿಯ ಹತ್ತಿರದ ಆಂಡರ್ಸನ್‌ಪೇಟೆಯ ಮನೆಗಳಿಗೆ ಹಾಲು ಹಾಕುತ್ತಿದ್ದೆ. ಅಲ್ಲಿ ಮನೆಗೊಂದು ಪರೀಕ್ಷೆ. ಒಬ್ಬ ತಮಿಳು ಅಜ್ಜಿ ಹೆಬ್ಬೆರಳಿನ ಉಗುರಿನ ಮೇಲೆ ಒಂದು ಹನಿ ಬಿಟ್ಟು ನೋಡುವಳು. ಹನಿ ನಿಂತರೆ ‘ನಲ್ಲ ಪಾಲು’, ಅಂದರೆ ಒಳ್ಳೆ ಹಾಲು; ಜಾರಿದರೆ ‘ತಣ್ಣಿ’, ಬರೀ ನೀರು. ಪಕ್ಕದ ಮನೆಯ ಮೇಷ್ಟ್ರು ಕಾಯಿಸಿ ಕೆನೆ ನೋಡುವವರು. ಎದುರುಮನೆಯ ನಿವೃತ್ತ ಸಿಪಾಯಿ ಲೋಟವನ್ನು ಬಿಸಿಲಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡುತ್ತಿದ್ದ. ಅದರಲ್ಲಿ ಅವನಿಗೆ ಏನು ಕಾಣುತ್ತಿತ್ತೋ ಶಿವನೇ ಬಲ್ಲ. ಈಗ ಮುಚ್ಚಿಟ್ಟು ಏನಾಗಬೇಕು, ಬೇಸಿಗೆಯಲ್ಲಿ ಹಾಲು ಸಾಲದೆ ಹೋದಾಗ ನಾನು ನೀರು ಬೆರೆಸಿದ್ದುಂಟು. ಬೆರೆಸಿದ ದಿನ ಆ ಅಜ್ಜಿ ಉಗುರು ನೋಡಿ ‘ನಲ್ಲ ಪಾಲು’ ಅಂದಳು. ಬೆರೆಸದ ದಿನ ‘ತಣ್ಣಿ’ ಅಂದು ಬೈದಳು. ಬೈಸಿಕೊಂಡು ಸುಮ್ಮನೆ ಬಂದೆ. ಯಾವ ಬಾಯಲ್ಲಿ ಜಗಳ ಆಡಲಿ?

ಡೈರಿಗೆ ಮಾತ್ರ ಒಂದು ಹನಿ ನೀರೂ ಹಾಕಬಾರದು ಎಂದು ನಾನು ಮೊದಲ ದಿನವೇ ತೀರ್ಮಾನ ಮಾಡಿದ್ದೆ. ಒಳ್ಳೆತನ ಅಲ್ಲ. ಡೈರಿ ನಮ್ಮ ಮನೆಯಿಂದ ಎರಡು ಮನೆ ಆಚೆ. ದಿನಾ ಮುಖ ನೋಡುವ ಜನ. ಅವರ ಮುಂದೆ ಸಿಕ್ಕಿಬಿದ್ದರೆ ಬದುಕುವುದು ಕಷ್ಟ. ಹಾಗೆ ಆರು ತಿಂಗಳು ಹಾಕಿದೆ. ಸಾಲಿನಲ್ಲಿ ಯಾವಾಗಲೂ ನಾನೇ ಮೊದಲು. ಕರೆದ ಹಾಲಿನ ನೊರೆ ಇಳಿಯುವುದರೊಳಗೆ ಡೈರಿಯಲ್ಲಿ ಇರುತ್ತಿದ್ದೆ. ಅದೊಂದು ಜಂಬ.

ಆಮೇಲೆ ನಮ್ಮೂರ ಹಾಲು ತೆಳ್ಳಗಿದೆ ಎಂದು ಮೇಲಿನಿಂದ ಚೀಟಿ ಬಂತು. ಸೆಕ್ರೆಟರಿ ಮೂರು ದಿನ ಟ್ರೈನಿಂಗಿಗೆ ಹೋಗಿ ಬಂದ. ಎಸ್ಸೆಸ್ಸೆಲ್ಸಿ ಪಾಸಾದ ಹುಡುಗ, ಮದುವೆಯಾಗಿ ಒಂದು ವರ್ಷ ಆಗಿತ್ತು. ಬರುವಾಗ ಒಂದು ಗಾಜಿನ ಕಡ್ಡಿ ತಂದಿದ್ದ. ಕೆಳಗೆ ಗುಂಡಗೆ ಬುರುಡೆ, ಮೇಲೆ ಸಣ್ಣಗೆ ಗೀಟು ಗೀಟು. ಹಾಲಿಗೆ ಬಿಟ್ಟರೆ ತೇಲುತ್ತದೆ. ಹಾಲು ಗಟ್ಟಿ ಇದ್ದರೆ ಎತ್ತರ ನಿಲ್ಲುತ್ತದೆ, ನೀರಿದ್ದರೆ ಮುಳುಗುತ್ತದೆ. ಅವನು ಅದಕ್ಕೆ ಲ್ಯಾಕ್ಟೋಮೀಟರ್ ಅನ್ನುತ್ತಿದ್ದ. ನಾವೆಲ್ಲ ಕಡ್ಡಿ ಅಂದೆವು.

ಮಾರನೆಯ ಬೆಳಿಗ್ಗೆ ಮೈ ಕೊರೆಯುವ ಚಳಿ. ಎಂದಿನಂತೆ ನಾನೇ ಮೊದಲು. ಕಡ್ಡಿ ಬಿಟ್ಟ. ಬಗ್ಗಿ ನೋಡಿದ. ಇನ್ನೊಂದು ಸಲ ಬಗ್ಗಿದ.

“ಅಕ್ಕ, ಇಪ್ಪತ್ಮೂರು ತೋರಿಸ್ತಿದೆ.”

“ಏನು ಇಪ್ಪತ್ಮೂರು?”

“ಡಿಗ್ರಿ. ಇಪ್ಪತ್ತಾರಕ್ಕಿಂತ ಕಮ್ಮಿ ಇದ್ರೆ ನೀರು.”

“ಯಾವ ನೀರಪ್ಪಾ?”

“ನೀವು ಹಾಕಿದ ನೀರು.”

ನನ್ನ ಹಿಂದೆ ನಿಂತಿದ್ದವಳು ಎಮ್ಮೆ ಸಾಕಿಕೊಂಡಿದ್ದ ನಮ್ಮ ಪಕ್ಕದ ಮನೆಯವಳು. ಇಂಥದ್ದಕ್ಕೇ ಕಾದಿದ್ದಳು. “ಅಕ್ಕೋ, ಬಾವಿ ನೀರಾ, ಬೋರಿಂಗ್ ನೀರಾ? ಬೋರಿಂಗ್ದಾದ್ರೆ ಟೀ ಒಡ್ದೋಗ್ತದೆ, ಮೊದ್ಲೇ ಏಳ್ಬುಡು” ಅಂದಳು. ಸಾಲು ಪೂರ್ತಿ ನಕ್ಕಿತು.

“ಕರ್ದಿದ್ದು ನಾನು. ಈ ಎಲ್ಡು ಕೈಲಿ ಕರ್ದಿದೀನಿ. ತಂದಿದ್ದು ನಾನು. ಒಂದನಿ ನೀರಿಲ್ಲ. ನಂಗೊತ್ತು ಕಣ್ಲಾ!”

“ಕಡ್ಡಿ ಸುಳ್ಳು ಹೇಳಲ್ಲ ಅಕ್ಕ.”

“ಕಡ್ಡಿ ಬಂದು ಎಲ್ಡು ದಿನ ಆಯ್ತು. ನಾನು ಈ ಊರ್ಗೆ ಬಂದು ಅದಿನೈದು ವರ್ಸ ಆಯ್ತು.”

ಹಾಗಂದರೂ ಅವನು ನನ್ನ ಹಾಲಿನ ಲೆಕ್ಕದ ಕಾರ್ಡಿನ ಮೇಲೆ ಕೆಂಪು ಇಂಕಿನಲ್ಲಿ ಗೀಟು ಹಾಕಿದ. ಮೂರು ಕೆಂಪು ಗೀಟು ಬಿದ್ದರೆ ಕಾರ್ಡು ರದ್ದು. ಹಾಲನ್ನು ಮತ್ತೆ ಕ್ಯಾನಿನಲ್ಲಿ ಹೊತ್ತುಕೊಂಡು ಆಂಡರ್ಸನ್‌ಪೇಟೆಗೆ ಓಡಬೇಕು. ಅದಾದರೂ ಆಗಲಿ, ಕಾಲು ಗಟ್ಟಿ ಇದ್ದವು. ಊರವರ ಬಾಯಲ್ಲಿ ನೀರಕ್ಕ ಅನ್ನಿಸಿಕೊಳ್ಳುವುದಿದೆಯಲ್ಲ, ಅದು ಸಾಯುವವರೆಗೂ ಹೋಗುವುದಿಲ್ಲ. ಮಧ್ಯಾಹ್ನದೊಳಗೆ ಆ ಹೆಸರು ಬಂದೇಬಿಟ್ಟಿತ್ತು. ಕೊಳಾಯಿ ಹತ್ತಿರ ಬಿಂದಿಗೆ ಇಟ್ಟರೆ “ಬಿಡ್ರಮ್ಮಾ, ನೀರಕ್ಕಂಗೆ ಮೊದ್ಲು ಬಿಡ್ರಿ, ಡೈರಿಗೆ ಒತ್ತಾಯ್ತದೆ” ಎಂದರು.

ಎರಡನೆಯ ದಿನ ಇನ್ನೂ ಬೇಗ ಹೋದೆ. ತಾಜಾ ಹಾಲು ನೋಡಿದರೆ ಕಡ್ಡಿಗೆ ಬುದ್ಧಿ ಬಂದೀತು ಅಂತ. ಮತ್ತೆ ಇಪ್ಪತ್ಮೂರು. ಎರಡನೆಯ ಗೀಟು.

ಆ ಸಂಜೆ ಯಜಮಾನರು ಕೆಲಸದಿಂದ ಬಂದು ಕಾಲು ತೊಳೆಯುತ್ತಿರುವಾಗಲೇ ಎಲ್ಲಾ ಒದರಿದೆ. ಅವರು ಸಾವಕಾಶದ ಮನುಷ್ಯ. ಕಾಲು ಒರೆಸಿಕೊಂಡು, “ಆಲು ಬಿಸಿ ಇತ್ತಾ?” ಅಂದರು.

“ಕರೆದ ಆಲು ಬಿಸಿ ಇರ್ದೆ ತಣ್ಗಿರ್ತದಾ?”

“ನಮ್ ಕೋಣೇಲಿ ಬಿಸಿ ಮಾಲನ್ನ ತಕ್ಕಡಿಗೆ ಇಡಂಗೇ ಇಲ್ಲ. ಇಟ್ರೆ ತೂಕ ಸುಳ್ಳು ತೋರಿಸ್ತದೆ. ತಣ್ಗಾಗ್ಬೇಕು, ಆಮ್ಯಾಕೆ ತೂಗ್ಬೇಕು.”

“ಯಾಕಂತೆ?”

“ಯಾಕೋ ಯಾರ್ಗೊತ್ತು. ನಮ್ ದೊಡ್ ಸಾಹೇಬ್ರು ಬೈತಾರೆ, ಅದ್ಕೆ ಇಡಲ್ಲ.”

ನನಗೆ ಅಷ್ಟು ಸಾಕಾಯಿತು. (ಬಹಳ ವರ್ಷದ ಮೇಲೆ ಹಸುಗಳ ಡಾಕ್ಟರೊಬ್ಬರು ಹೇಳಿದರು: ತಕ್ಕಡಿಯ ವಿಷಯವೇ ಬೇರೆ, ಬಿಸಿಗೆ ಎದ್ದ ಗಾಳಿ ತಟ್ಟೆಯನ್ನು ಅಲ್ಲಾಡಿಸುತ್ತದೆ, ಹಾಲಿನ ವಿಷಯವೇ ಬೇರೆ, ಬಿಸಿಗೆ ಹಾಲೇ ತೆಳ್ಳಗಾಗುತ್ತದೆ, ನೊರೆ ಇದ್ದರಂತೂ ಇನ್ನೂ ಮೋಸ ಅಂತ. ಅಂದರೆ ನಮ್ಮ ಯಜಮಾನರೂ ಸರಿಯಾದ ಊರಿಗೆ ತಪ್ಪು ಬಸ್ಸು ಹತ್ತಿಯೇ ತಲುಪಿದ್ದರು. ಅವರಿಗೆ ಹೇಳಿದೆ. “ತಲುಪ್ದೆ ತಾನೇ?” ಅಂದರು.)

ಬೆಳಿಗ್ಗೆ ಹಾಲು ಕರೆಯುವ ಮೊದಲೇ ಡೈರಿಯ ಅಧ್ಯಕ್ಷರ ಮನೆಗೆ ಹೋದೆ. ಹಲ್ಲುಜ್ಜುತ್ತಿದ್ದರು, ಬಾಯಲ್ಲಿ ಬೇವಿನ ಕಡ್ಡಿ. ಊರಿಗೆ ಹಿರಿಯರು, ಎದುರು ಮಾತಾಡಲು ಜನ ಹೆದರುತ್ತಿದ್ದರು. ನಾನು ಹೆದರುವ ಸ್ಥಿತಿಯಲ್ಲಿ ಇರಲಿಲ್ಲ.

“ಅಣ್ಣಾ, ಇವತ್ತು ಮೂರ್ನೇ ಗೀಟು. ನಿಮ್ ಮುಂದೆ, ಸಾಲಿನ್ ಮುಂದೆ, ಡೈರಿ ಅಂಗ್ಳದಾಗೆ ಅಸ ಕಟ್ಟಿ ಕರೀತೀನಿ. ಎಲ್ರೂ ಕಣ್ಬಿಟ್ಕೊಂಡು ನೋಡ್ರಿ. ಆಮ್ಯಾಕೆ ಕಡ್ಡಿ ಬಿಡ್ರಿ.”

ಅವರು ಕಡ್ಡಿ ಅಂದದ್ದಕ್ಕೆ ಬಾಯಿಂದ ಬೇವಿನ ಕಡ್ಡಿ ತೆಗೆದು ನೋಡಿಕೊಂಡರು. ಆಮೇಲೆ ಅರ್ಥವಾಗಿ “ಆಗ್ಲಮ್ಮ” ಅಂದರು.

ಹಸುವನ್ನು ಹೊಡೆದುಕೊಂಡು ಹೋದೆ. ಅತ್ತೆ ಬಾಗಿಲಲ್ಲಿ ನಿಂತು, “ಬೀದೀಲಿ ಕರೀತೀಯೇನೇ? ಊರ್ ಕಣ್ಣೆಲ್ಲ ಕೆಚ್ಚಲ ಮ್ಯಾಲೆ ಬೀಳ್ತದೆ!” ಎಂದು ಕೂಗಿದರು. ಕೇಳಿಸಿಕೊಳ್ಳಲಿಲ್ಲ. ಡೈರಿಯ ಮುಂದಿನ ಕಂಬಕ್ಕೆ ಹಸು ಕಟ್ಟಿದೆ. ಮೂವತ್ತು ಜನ ಸುತ್ತ ನಿಂತರು. ಪಕ್ಕದ ಮನೆಯವಳು ಬಕೆಟ್ಟನ್ನು ಬೋರಲು ಹಾಕಿ, ಕುಟ್ಟಿ, ಒಳಗೆ ಕೈಯಾಡಿಸಿ, “ಒಣಗೈತೆ” ಎಂದು ಸಾಕ್ಷಿ ಹೇಳಿದಳು. ನನ್ನ ತೋಳುಗಳನ್ನೂ ನೋಡಿದಳು. ತೋಳಿನೊಳಗೆ ಎಲ್ಲಿ ನೀರು ಇಟ್ಟುಕೊಳ್ಳಲಿ?

ಇಷ್ಟು ಜನರನ್ನು ಹಸು ಯಾವತ್ತೂ ಕಂಡಿರಲಿಲ್ಲ. ಬೆದರಿತು, ಕಾಲು ಝಾಡಿಸಿತು. ಅಂತೂ ಕರೆದೆ. ಕ್ಯಾನು ಮುಂದಿಟ್ಟೆ. ಸೆಕ್ರೆಟರಿ ಕಡ್ಡಿ ಬಿಟ್ಟ.

“ಇಪ್ಪತ್ನಾಕು!” ಎಂದು ಕೂಗಿದ. ಗೆದ್ದೆ ಅಂದುಕೊಂಡವನು ಸುತ್ತ ನೋಡಿದ. ಯಾರೂ ನಗಲಿಲ್ಲ. ಎಲ್ಲರೂ ಹಾಲು ಕೆಚ್ಚಲಿನಿಂದ ಬಕೆಟ್ಟಿಗೆ ಬಿದ್ದದ್ದನ್ನು ನೋಡಿದ್ದರು.

“ಏನ್ಲಾ, ಅಸಾನೇ ನೀರ್ ಬೆರೆಸ್ತಾ?” ಎಂದು ಅಧ್ಯಕ್ಷರು ಕೇಳಿದರು.

“ಅಲ್ಲಣ್ಣ… ಕಡ್ಡಿ ಪ್ರಕಾರ…”

“ಕಡ್ಡಿ ಪ್ರಕಾರ ಇದ್ರ ಕೆಚ್ಚಲಾಗೆ ಬೋರ್ವೆಲ್ ಐತಾ?”

ಆಗ ನಾನು ಮೈನ್ಸಿನ ಮಾತು ಹೇಳಿದೆ. ತಣ್ಣಗಾಗಲಿ ಅಂದೆ. ಡೈರಿಯ ತೊಟ್ಟಿಯ ನೀರಿನೊಳಗೆ ಕ್ಯಾನು ಇಟ್ಟು ಎಲ್ಲರೂ ಸುತ್ತ ಕೂತರು. ಕೆಲವರು ಬೀಡಿ ಹಚ್ಚಿದರು. ಎರಡು ಬೀಡಿ ಮುಗಿಯುವಷ್ಟು ಹೊತ್ತಾದ ಮೇಲೆ ಅದೇ ಹಾಲಿಗೆ ಅದೇ ಕಡ್ಡಿ ಬಿಟ್ಟಾಗ ಇಪ್ಪತ್ತೆಂಟು ತೋರಿಸಿತು. ಸೆಕ್ರೆಟರಿ ಕಣ್ಣು ಉಜ್ಜಿಕೊಂಡು ನೋಡಿದ. ಅಧ್ಯಕ್ಷರು ನೋಡಿದರು. ಓದು ಬರದವರೂ ಬಗ್ಗಿ ನೋಡಿ “ಔದೌದು” ಅಂದರು.

ಅಲ್ಲಿಗೆ ಗೊತ್ತಾಯಿತು: ಕಡ್ಡಿ ನನ್ನ ಹಾಲನ್ನು ಮಾತ್ರ ನೀರು ಅನ್ನುತ್ತಿದ್ದದ್ದು ಏಕೆಂದರೆ, ದೂರದಿಂದ ಬರುವವರ ಹಾಲು ಚಳಿಗೆ ಆರಿರುತ್ತಿತ್ತು, ಪಕ್ಕದ ಮನೆಯವಳದು ಗಟ್ಟಿ ಎಮ್ಮೆ ಹಾಲು, ನನ್ನದು ಆರುವ ಮೊದಲೇ ಬಂದಿರುತ್ತಿತ್ತು. ಜಂಬ ಮಾಡಿದ್ದಕ್ಕೆ ಎರಡು ಕೆಂಪು ಗೀಟು.

ಅಧ್ಯಕ್ಷರು ಅಲ್ಲೇ ಹೇಳಿದರು. ಭಾನುವಾರ ಸಭೆ. ಸೆಕ್ರೆಟರಿ ಎಲ್ಲರ ಮುಂದೆ ನನ್ನ ಹತ್ತಿರ ತಪ್ಪಾಯಿತು ಅನ್ನಬೇಕು. ಗೀಟು ಅಳಿಸಬೇಕು. ಅವನ ಕೆಲಸಕ್ಕೆ ಬೇರೆ ಯಾರನ್ನಾದರೂ ನೋಡಬೇಕು. ಆ ಹುಡುಗನ ಮುಖ ಹಿಂಡಿದ ಬಟ್ಟೆಯ ಹಾಗೆ ಆಯಿತು. ನನಗೆ ಅಯ್ಯೋ ಅನ್ನಿಸಲಿಲ್ಲ. ಆಗಲಿ ಮಗನೇ ಅನ್ನಿಸಿತು.

ಹಸು ಹೊಡೆದುಕೊಂಡು ಮನೆಗೆ ಬಂದೆ. ಅತ್ತೆ ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದರು.

“ಅತ್ತೇ, ಗೆದ್ದೆ! ನೀರಿಲ್ಲ ಅಂತ ರುಜುವಾತಾಯ್ತು.”

“ಏನು ಗೆಲ್ತೀಯೋ. ಇವತ್ತೊಂದಿನ ಅಸಕ್ಕೆ ದಿಷ್ಟಿ ತಗಲ್ದೆ ಇದ್ರೆ ಸಾಕು. ಒಂದನಿ ನೀರು ಸೋಕ್ಸ್ದೆ ಬರೀ ಆಲು ಮನೆಯಿಂದ ಆಚೆ ಕೊಟ್ಯಲ್ಲಾ.”

ಹಸು ಕಟ್ಟುತ್ತಿದ್ದವಳು ತಿರುಗಿದೆ.

“ಇವತ್ತೊಂದಿನ ಅಂದ್ರೆ?”

“ಮಿಕ್ಕಿದ್ ದಿನ ನಾನು ಆಕ್ತೀನಲ್ಲ.”

ವಿಷಯ ಏನೆಂದರೆ, ಅವರ ತವರಿನ ಕಡೆ ಮನೆಯಿಂದ ಆಚೆ ಹೋಗುವ ಹಾಲಿಗೆ ಒಂದು ಹನಿ ನೀರು ಸೋಕಿಸಬೇಕಂತೆ. ಅಪ್ಪಟ ಹಾಲು ಪರರ ಕಣ್ಣಿಗೆ ಬಿದ್ದರೆ ಹಸುವಿಗೆ ದಿಷ್ಟಿ, ಕೆಚ್ಚಲು ಬತ್ತುತ್ತದೆ. ನಾನು ಕರೆದು ಬಕೆಟ್ಟನ್ನು ಅಡುಗೆಮನೆಯ ಹೊಸಿಲ ಒಳಗಿಟ್ಟು, ಹಸುವಿಗೆ ಹುಲ್ಲು ಹಾಕಿ, ಕೈ ತೊಳೆದು, ಸೆರಗು ಸರಿಮಾಡಿಕೊಂಡು ಬರುವಷ್ಟರಲ್ಲಿ ಅತ್ತೆ ತಮ್ಮ ಕೆಲಸ ಮುಗಿಸುತ್ತಿದ್ದರು. ಆರು ತಿಂಗಳಿಂದ. ಅದಕ್ಕೂ ಮುಂಚೆ ಆಂಡರ್ಸನ್‌ಪೇಟೆಯ ಕಾಲದಲ್ಲೂ. ಅಂದರೆ ಬೇಸಿಗೆಯಲ್ಲಿ ಆ ಅಜ್ಜಿ ಕುಡಿದದ್ದು ಎರಡೆರಡು ಸಲ ನೀರು ಬಿದ್ದ ಹಾಲು. ಪಾಪ, ಅವಳ ಉಗುರು ಅದಕ್ಕೇ ‘ನಲ್ಲ ಪಾಲು’ ಅಂದಿತ್ತು.

“ಒಂದನಿ ತಾನೇ ಅತ್ತೆ?” ಅಂದೆ. ಒಂದು ಹನಿ ಆದರೆ ಲೆಕ್ಕಕ್ಕಿಲ್ಲ.

“ಮೊದ್ಲು ಒಂದನಿ. ಸೀಮೆಅಸ ಬಂದ್ಮ್ಯಾಲೆ ಅರ್ಧ ಚೊಂಬು. ಆಲು ಜಾಸ್ತಿ ಆದಂಗೆ ದಿಷ್ಟಿನೂ ಜಾಸ್ತಿ ಆಗಲ್ವೇನಮ್ಮಾ?”

ಅವರ ಲೆಕ್ಕ ಅವರಿಗೆ ಸರಿಯಾಗೇ ಇತ್ತು.

ಮಾರನೆಯ ಬೆಳಿಗ್ಗೆ ಹಸು ಅರ್ಧ ಬಕೆಟ್ಟು ಹಾಲು ಕೊಟ್ಟಿತು. ಅತ್ತೆ ಬಕೆಟ್ಟಿನೊಳಗೆ ಬಗ್ಗಿ ನೋಡಿದರು. ಆಮೇಲೆ ನನ್ನ ಮುಖ ನೋಡಿದರು. ಮೂವತ್ತು ಜನರ ಗಲಾಟೆಗೆ ಬೆದರಿ ಹಸು ಹಾಲು ಇಳಿಸದೆ ಕೆಚ್ಚಲೊಳಗೇ ಏರಿಸಿಕೊಂಡಿದೆ ಅಂದೆ. “ನಿಂಗೆಂಗೆ ಗೊತ್ತು?” ಅಂದರು. “ಅದಿನೈದು ವರ್ಸ ನೀರು ಸೋಕ್ಸಿದ್ದೆ, ಒಂದಿನಾನೂ ಕಮ್ಮಿ ಆಗಿಲ್ಲ. ಒಂದಿನ ಸೋಕ್ಸ್ಲಿಲ್ಲ, ಅರ್ಧಕ್ಕಿಳೀತು. ಇನ್ನೇನ್ ಬೇಕು ನಿಂಗೆ, ಕೋರ್ಟಾ?” ಕಡ್ಡಿಯವನಿಗಿಂತ ನಮ್ಮತ್ತೆಯ ರುಜುವಾತು ಗಟ್ಟಿಯಾಗಿ ಕಾಣುತ್ತಿತ್ತು. ಆದರೂ ಅದು ದಿಷ್ಟಿಯಲ್ಲ ಎಂದೇ ನಾನು ಇವತ್ತಿಗೂ ಹೇಳುತ್ತೇನೆ. ಹಸು ಎರಡು ದಿನದಲ್ಲಿ ಸರಿಹೋಯಿತು, ನೀರು ಸೋಕಿಸದೆಯೇ; ಬಕೆಟ್ಟಿನ ಪಕ್ಕ ನಾನೇ ಕಾವಲಿದ್ದೆ. ಅದಕ್ಕೆ ಅತ್ತೆ, ತಾವು ಮೆಣಸಿನಕಾಯಿ ನಿವಾಳಿಸಿದ್ದರಿಂದ ಅಂದರು.

ಭಾನುವಾರಕ್ಕೆ ಮೂರು ದಿನ ಇತ್ತು. ಆ ಮೂರು ದಿನ ಹಸುವಿನ ಹತ್ತಿರ ಕೂತರೂ ಒಲೆ ಮುಂದೆ ಕೂತರೂ ನನಗೆ ಇದೇ ಯೋಚನೆ. ಯಾರ ಮೇಲೋ ಮರುಕ ಉಕ್ಕಿತು ಅಂತಲ್ಲ. ತಲೆಯೊಳಗೆ ಒಂದು ಗಂಟು ಬಿದ್ದು ಬಿಡಿಸಲು ಬಾರದೆ ಹೋಯಿತು.

ನಾನು ಹೇಳಿದ್ದು ಸುಳ್ಳು. ಆದರೆ ಸುಮ್ಮನೆ ಹೇಳಿದ್ದಲ್ಲ. ನಾನೇ ಕರೆದಿದ್ದೆ, ನಾನೇ ತಂದಿದ್ದೆ, ಬಕೆಟ್ಟು ಒಣಗಿತ್ತು. ಇಷ್ಟೆಲ್ಲ ಇದ್ದವರು ‘ನೀರಿಲ್ಲ’ ಅನ್ನದೆ ಇನ್ನೇನು ಅನ್ನಬೇಕು? ಅವನು ಹೇಳಿದ್ದು ನಿಜ. ನೀರಿತ್ತು. ಆದರೆ ಅವನು ಕಂಡದ್ದು ಬಿಸಿಯನ್ನು, ನೀರನ್ನಲ್ಲ. ನೀರಿಲ್ಲದ ದಿನವೂ ಅವನ ಕಡ್ಡಿ ಅದನ್ನೇ ಹೇಳಿತಲ್ಲ. ನಾಯಿಗೆ ಎಸೆದ ಕಲ್ಲು ಮಾವಿನಕಾಯಿಗೆ ತಗುಲಿ ಕಾಯಿ ಬಿದ್ದರೆ ತಿನ್ನಬಹುದು, ನಾನು ಗುರಿಕಾರ ಅಂತ ಹೇಳಿಕೊಳ್ಳುವ ಹಾಗಿಲ್ಲ. ಅವನ ಬಾಯಿಗೆ ನಿಜ ಬಿದ್ದಿತ್ತು, ಅಷ್ಟೇ. ಅವನಿಗೆ ಗೊತ್ತಿರಲಿಲ್ಲ.

ಸರಿ, ನನಗಾದರೂ ಗೊತ್ತಿತ್ತಾ? ಇಲ್ಲದ್ದು ಗೊತ್ತಿರುವುದು ಹೇಗೆ? ಇಲ್ಲಿ ಇನ್ನೊಂದು ಮುಳ್ಳು ಚುಚ್ಚುತ್ತಿತ್ತು. ಬಕೆಟ್ಟು ಹೊಸಿಲೊಳಗೆ ಇರುವಷ್ಟು ಹೊತ್ತು ಅದು ನನ್ನ ಕಣ್ಣಿಗೆ ಕಾಣುತ್ತಿರಲಿಲ್ಲ. ಅತ್ತೆ ಅಲ್ಲೇ ಒಲೆ ಮುಂದೆ ಇರುತ್ತಾರೆ ಅಂತ ಗೊತ್ತಿತ್ತು. ಮೊದಲ ಗೀಟು ಬಿದ್ದ ದಿನವೇ ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ಕಡ್ಡಿಯನ್ನು ಬೈದೆ, ಸೆಕ್ರೆಟರಿಯನ್ನು ಬೈದೆ, ಅವನ ಟ್ರೈನಿಂಗು ಬೈದೆ. ಮನೆಯೊಳಗೆ ಮಾತ್ರ ನೋಡಲಿಲ್ಲ. ಎಷ್ಟು ಗಟ್ಟಿಯಾಗಿ ಕೂಗಿದೆನೋ ಅಷ್ಟು ಗಟ್ಟಿ ಇರಲಿಲ್ಲ ನನ್ನ ಕಾರಣ. ನಡುವೆ ಒಂದು ಸೆರಗು ಸರಿಮಾಡಿಕೊಳ್ಳುವಷ್ಟು ತೂತು ಇತ್ತು. ಅರ್ಧ ಚೊಂಬು ನೀರು ಹೋಗುವುದಕ್ಕೆ ಅಷ್ಟು ಸಾಕು.

ಯಜಮಾನರಿಗೆ ಹೇಳಿದೆ.

“ಸುಮ್ಕಿರು. ಗೆದ್ದಿದೀಯ” ಅಂದರು.

“ಗೆದ್ದಿದ್ದು ಸುಳ್ಳು ಮ್ಯಾಲೆ.”

“ಸೋತಿದ್ರೆ ಅವ್ನು ಗೆಲ್ತಿದ್ದ. ಅದ್ಯಾವುದ್ರ ಮ್ಯಾಲೆ?”

ಸರಿಯಾದ ಪ್ರಶ್ನೆಯೇ. ಆದರೆ ಆ ಹುಡುಗ ಭಾನುವಾರ ನನ್ನ ಮುಂದೆ ಕೈ ಮುಗಿದು ‘ನಿಮ್ಮ ಹಾಲಲ್ಲಿ ನೀರಿರಲಿಲ್ಲ’ ಅನ್ನುತ್ತಾನೆ. ಆ ಮಾತನ್ನು ತಲೆ ಅಲ್ಲಾಡಿಸಿಕೊಂಡು ಕೇಳಬೇಕು. ಅದು ಆಗುವುದಿಲ್ಲ ಅನ್ನಿಸಿತು. ನೀರಕ್ಕ ಅನ್ನಿಸಿಕೊಂಡರೂ ಪರವಾಗಿಲ್ಲ, ತಿಳಿದೂ ತಿಳಿದೂ ಬೊಂಬೆ ಹಾಗೆ ಕೂರುವುದಕ್ಕೆ ನನ್ನ ಕೈಲಾಗುವುದಿಲ್ಲ.

ಸಭೆ ಡೈರಿಯ ಅಂಗಳದಲ್ಲೇ. ಸೆಕ್ರೆಟರಿ ಒಗೆದ ಶರ್ಟು ಹಾಕಿಕೊಂಡು ಬಂದಿದ್ದ. ಅವನ ಹೆಂಡತಿ ಹೆಂಗಸರ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದಳು. ಅವನು ಎದ್ದು ನಿಂತು, “ಅಕ್ಕನ ಹಾಲಲ್ಲಿ ನೀರಿರಲಿಲ್ಲ, ನನ್ನ…” ಅನ್ನುವಷ್ಟರಲ್ಲಿ ನಾನು ಎದ್ದೆ.

“ನೀರಿತ್ತು” ಅಂದೆ.

ಅಧ್ಯಕ್ಷರು, “ಏನಮ್ಮ ಅಂದೆ?” ಎಂದರು.

“ನೀರಿತ್ತಣ್ಣ. ಗೀಟು ಬಿದ್ದ ಎಲ್ಡು ದಿನಾನೂ ಇತ್ತು. ಅಂಗ್ಳದಾಗೆ ಕರ್ದಾಗ ಇರ್ಲಿಲ್ಲ. ನಾನ್ ಆಕಿಲ್ಲ, ನಮ್ಮತ್ತೆ ಆಕವ್ರೆ, ದಿಷ್ಟಿಗೆ. ನಂಗೆ ಆಮ್ಯಾಕೆ ತಿಳೀತು.”

ಸೆಕ್ರೆಟರಿ ಒಂದೇ ನೆಗೆತಕ್ಕೆ ಮುಂದೆ ಬಂದ. “ನೋಡಿದ್ರಾ? ನೋಡಿದ್ರಾ ಅಣ್ಣ? ನಾನು ಹೇಳ್ಲಿಲ್ವಾ? ನನಗೆ ಗೊತ್ತಿತ್ತು!”

“ನಿನ್ ತಲೆ ಗೊತ್ತಿತ್ತು! ನೀರಿಲ್ದಾಗ್ಲೂ ನಿನ್ ಕಡ್ಡಿ ನೀರು ಅಂತು. ಇದ್ದಾಗ್ಲೂ ನೀರು ಅಂತು. ಯಾವಾಗ್ಲೂ ಒಂದೇ ಏಳೋರ್ಗೆ ಗೊತ್ತಿರ್ತದಾ? ನಮ್ಮನೆ ಗೋಡೆ ಮ್ಯಾಲಿನ್ ಅಲ್ಲಿನೂ ಎಲ್ಲದ್ಕೂ ಲೊಚ್ ಅಂತದೆ. ಅದ್ನೂ ಸೆಕ್ರೆಟರಿ ಮಾಡ್ರಿ.”

ನಗು ಎದ್ದಿತು. ಅವನ ಹೆಂಡತಿಯೂ ಸೆರಗು ಬಾಯಿಗೆ ಅಡ್ಡ ಹಿಡಿದಳು. ಪಕ್ಕದ ಮನೆಯವಳು, “ಅಂಗಾದ್ರೆ ಈಗ ಯಾರು ಯಾರ್ಗೆ ತಪ್ಪಾಯ್ತು ಅನ್ಬೇಕು?” ಎಂದು ಕೇಳಿದಳು. ಅವಳು ಕೆಟ್ಟದ್ದಕ್ಕೇ ಕೇಳಿದ್ದು, ಆದರೆ ಆ ಸಭೆಯಲ್ಲಿ ಕೇಳಬೇಕಾಗಿದ್ದ ಪ್ರಶ್ನೆ ಅದೇ.

ಒಂದು ಗಂಟೆ ಗಲಾಟೆ. ಕೆಲವರು ನೀರಿತ್ತು ಅಂದ ಮೇಲೆ ಗೀಟು ಸರಿ ಅಂದರು. ಕೆಲವರು ಕಡ್ಡಿ ಕೆಟ್ಟದ್ದು, ಆದ್ದರಿಂದ ಗೀಟು ತಪ್ಪು ಅಂದರು. ಒಬ್ಬ ಮುದುಕರು, ಗೀಟು ಸರಿ, ಹಾಕಿದ್ದು ತಪ್ಪು ಅಂದರು. ಅವರನ್ನು ಎಲ್ಲರೂ ಸೇರಿ ಕೂರಿಸಿದರು. ನನಗೇನೋ ಆ ಮುದುಕರು ಹೇಳಿದ್ದೇ ಸರಿ ಅನ್ನಿಸಿತ್ತು.

ಕೊನೆಗೆ ಅಧ್ಯಕ್ಷರು ನಡಾವಳಿ ಪುಸ್ತಕ ತೆಗೆಸಿ, “ಬರ್ಕೋ” ಅಂದರು. ಬರೆಯಬೇಕಾದವನು ಸೆಕ್ರೆಟರಿಯೇ. “ಹಾಲಿನಲ್ಲಿ ನೀರು ಇದ್ದದ್ದು ನಿಜ” ಎಂದು ಜೋರಾಗಿ ಹೇಳಿಕೊಂಡು ಬರೆದ.

“ಮುಂದಕ್ಕೆ ಬರಿ. ಆದ್ರೆ ಅದು ಸೆಕ್ರೆಟರಿಗೆ ಗೊತ್ತಿರ್ಲಿಲ್ಲ.”

“ಅಣ್ಣ, ಹೇಳಿದ್ದೇ ನಾನು. ಗೊತ್ತಿರಲಿಲ್ಲ ಅಂತ ಹೇಗೆ ಬರೀಲಿ? ಮೇಲಿನವರು ಓದಿದ್ರೆ ನಗ್ತಾರೆ.”

“ನಗ್ಲಿ. ಬರಿ.”

ಬರೆದ. ಅದರ ಕೆಳಗೆ, ಇನ್ನು ಮೇಲೆ ಯಾರ ಹಾಲನ್ನೇ ಆಗಲಿ ತಣ್ಣಗಾಗದೆ ಕಡ್ಡಿಗೆ ಕೊಡಬಾರದು ಎಂದೂ ಬರೆದ. ಎರಡು ಗೀಟನ್ನು ಹೊಡೆದುಹಾಕಿ, ನನ್ನ ಹೆಸರಿನ ಮುಂದೆ ‘ಎಚ್ಚರಿಕೆ ಕೊಡಲಾಗಿದೆ’ ಎಂದು ಬರೆದ. ಅವನ ಕೆಲಸ ಉಳಿಯಿತು. ಯಾರೂ ಯಾರಿಗೂ ತಪ್ಪಾಯಿತು ಅನ್ನಲಿಲ್ಲ. ನಾನು ಹೆಬ್ಬೆಟ್ಟು ಒತ್ತುವವಳಲ್ಲ, ಮೂರನೇ ಕ್ಲಾಸು ಓದಿದವಳು, ಸಹಿ ಹಾಕಿ ಬಂದೆ. ನೀರಕ್ಕ ಎಂಬ ಹೆಸರು ಮಾತ್ರ ಹೋಗಲಿಲ್ಲ. ಹೋಗಲಿ ಅಂತ ನಾನೂ ಕಾಯಲಿಲ್ಲ.

ಅತ್ತೆಯನ್ನು ಒಪ್ಪಿಸುವುದು ಸಭೆಗಿಂತ ಕಷ್ಟವಾಯಿತು. ನೀರು ಹಾಕಬೇಡಿ ಅಂದರೆ ಆಗುವುದಿಲ್ಲ ಎಂದು ಗೊತ್ತಿತ್ತು. ಆಚೆ ಹೋಗುವ ಹಾಲಿಗೆ ಬೇಡ, ಮನೆಗೆ ಉಳಿಯುವ ಹಾಲಿಗೆ ಎಷ್ಟು ಬೇಕಾದರೂ ಸೋಕಿಸಿ ಅಂದೆ. ದಿಷ್ಟಿಗೆ ಯಾವ ಹಾಲಾದರೇನು ಅಂತ ಅವರೂ ಯೋಚಿಸಿ ಒಪ್ಪಿದರು. ಅವತ್ತಿನಿಂದ ನಮ್ಮ ಯಜಮಾನರು ಕುಡಿದ ಕಾಫಿಯ ಬಣ್ಣ ನೋಡಿದರೆ ಅಳು ಬರಬೇಕು.

ಸೋಮವಾರ ಬೆಳಿಗ್ಗೆ ಬಕೆಟ್ಟನ್ನು ಹೊಸಿಲ ಒಳಗಿಡಲಿಲ್ಲ. ಕೊಟ್ಟಿಗೆಯಿಂದ ನೆಟ್ಟಗೆ ಡೈರಿಗೆ ತಂದು ತೊಟ್ಟಿಯಲ್ಲಿ ಇಟ್ಟೆ. ಕೈ ತೊಳೆದಿರಲಿಲ್ಲ, ಸೆರಗು ಹೇಗೋ ಇತ್ತು. ಹಸುವಿಗೆ ಹುಲ್ಲೂ ಹಾಕಿರಲಿಲ್ಲ, ಅದು ಅಲ್ಲಿಂದಲೇ ಕೂಗುತ್ತಿತ್ತು. ಅವತ್ತು ಸಾಲಿನಲ್ಲಿ ನಾನೇ ಕೊನೆ. ಹಾಲು ಆರಿದ ಮೇಲೆ ಸೆಕ್ರೆಟರಿ ಕಡ್ಡಿ ಕೈಗೆತ್ತಿಕೊಂಡು ನನ್ನ ಮುಖ ನೋಡಿದ.

“ಅಕ್ಕ, ಇವತ್ತು ನೀರಿಲ್ಲ ಅಂತ ಗೊತ್ತಾ?”

“ಕರ್ದಾಗಿಂದ ಕಣ್ಮುಂದೆ ಐತೆ. ಕೆಳಗಿಟ್ಟಿದ್ದು ಈ ತೊಟ್ಟಿಯಾಗೆ, ಕಾದಿದ್ದು ಅದ್ರ ಪಕ್ಕ. ಇಷ್ಟ್ರ ಮ್ಯಾಲೂ ಇದ್ರೆ ಎಲ್ಲಿಂದ ಬಂತೂಂತ ನೀನೇ ಏಳು, ಕೇಳ್ತೀನಿ.”

ಅವನು ಕಡ್ಡಿ ಬಿಟ್ಟ. ಇಬ್ಬರೂ ಬಗ್ಗಿದೆವು, ತಲೆಗೆ ತಲೆ ಡಿಕ್ಕಿ ಹೊಡೆಯಿತು. ಅವನು ಹಣೆ ಉಜ್ಜಿಕೊಳ್ಳುತ್ತಾ, “ನೀವೇ ಓದಿ ಅಕ್ಕ” ಅಂದ.

ಗೀಟು ಎಣಿಸಿ ಓದಿದೆ. ಇಪ್ಪತ್ತೆಂಟು. ಅವನೂ ಓದಿದ. ಆಮೇಲೆ ಬರೆದುಕೊಂಡ.